ಬರ್ಬರ ಹತ್ಯೆ, ಬರ್ಬರ್ ಹಳ್ಳಿ

ನಾನು ಹೊಟ್ಟೆಪಾಡಿಗೆ ಅನುವಾದ ಮಾಡುವವಳು. ಔಷಧಿ ಡಬ್ಬಿಯೊಳಗಿನ ಚೀಟಿ, ಬ್ಯಾಂಕಿನ ಷರತ್ತು, ಮಿಕ್ಸರ್ ಕೈಪಿಡಿ, ಯಾವುದು ಬಂದರೂ ಸರಿ, ಪದಕ್ಕಿಷ್ಟು ಎಂದು ಲೆಕ್ಕ. 2024ರ ಬೇಸಿಗೆಯಲ್ಲಿ ಒಂದು ಟ್ರೆಕಿಂಗ್ ಕಂಪನಿಯ ಬ್ರೋಷರ್ ಬಂತು. ಮೊರಾಕೋದ ಹೈ ಅಟ್ಲಾಸ್ ಪರ್ವತಗಳಲ್ಲಿ ಆರು ದಿನದ ನಡಿಗೆ, ಕೊನೆಗೆ ತೂಬ್ಕಾಲ್ ಶಿಖರ. ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿತ್ತು. ಅದರ ಹದಿನಾಲ್ಕನೆಯ ಸಾಲನ್ನು ನಾನು ಹೀಗೆ ಬರೆದೆ: ‘ಕಾಲವೇ ನಿಂತುಹೋದಂತಿರುವ ಬರ್ಬರ್ ಹಳ್ಳಿಗಳಲ್ಲಿ, ನಾಗರಿಕತೆಯ ಸೋಂಕಿಲ್ಲದ ಮುಗ್ಧ ಜನರ ಆತಿಥ್ಯ ಸವಿಯಿರಿ.’

ಒಂದು ಕ್ಷಣವೂ ಯೋಚಿಸಲಿಲ್ಲ. ಮೂಲದಲ್ಲಿ ಹಾಗಿತ್ತು, ಹಾಗೇ ಇಳಿಸಿದೆ, ಬಿಲ್ ಕಳಿಸಿದೆ. ಸಂಜೆ ಮೊಬೈಲಿನಲ್ಲಿ ಕನ್ನಡ ಪತ್ರಿಕೆ ನೋಡುತ್ತಿದ್ದಾಗ ಒಂದು ಶೀರ್ಷಿಕೆ ಕಣ್ಣಿಗೆ ಬಿತ್ತು: ‘ಯುವಕನ ಬರ್ಬರ ಹತ್ಯೆ’. ಆಗ ಹೊಟ್ಟೆಯಲ್ಲಿ ಏನೋ ತಿರುಗಿದಂತಾಯಿತು. ಬೆಳಿಗ್ಗೆಯಷ್ಟೇ ನಾನು ಹಳ್ಳಿಗಳಿಗೆ ಅಂಟಿಸಿ ಬಂದ ಮಾತು ಇದೇ. ನಡುವೆ ಒಂದು ಅರ್ಧಾಕ್ಷರದ ವ್ಯತ್ಯಾಸ, ಅಷ್ಟೇ.

ಭಾಷಾವಿಜ್ಞಾನದಲ್ಲಿ ಎಂಎ ಮಾಡಿದವಳಿಗೆ ಇದು ಗೊತ್ತಿರಬೇಕಿತ್ತು. ತಮಗೆ ಅರ್ಥವಾಗದ ಮಾತಾಡುವವರನ್ನು ಗ್ರೀಕರು ‘ಬಾರ್ಬರೋಸ್’ ಅಂದರು. ‘ಬರ್ ಬರ್’ ಎಂದು ತೊದಲುವವರು ಅಂತ. ನಮ್ಮ ಸಂಸ್ಕೃತದಲ್ಲೂ ‘ಬರ್ಬರ’ ಇದೆ, ತೊದಲುವವನು, ಹೊರಗಿನವನು, ಒರಟ. ಉತ್ತರ ಆಫ್ರಿಕಾದ ಬೆಟ್ಟಗಳ ಜನರಿಗೆ ಆ ಹೆಸರು ಅರಬ್ಬಿಯ ಮೂಲಕ, ಆಮೇಲೆ ಯುರೋಪಿನ ಭಾಷೆಗಳ ಮೂಲಕ ಅಂಟಿತು. ಇಂಗ್ಲಿಷ್ ಓದುಗನಿಗೆ ಈಗ ‘ಬರ್ಬರ್’ ಅಂದರೆ ಕಂಬಳಿ, ಕುಸುರಿ, ಪುದೀನ ಚಹಾ. ಬೈಗುಳದ ಮೊನೆ ಮೊಂಡಾಗಿದೆ. ಕನ್ನಡದಲ್ಲಿ ಮೊಂಡಾಗಿಲ್ಲ. ಕನ್ನಡದಲ್ಲಿ ಅದು ಇಂದಿಗೂ ರಕ್ತ ಹತ್ತಿದ ಪದ. ಹಾಗಾಗಿ ಇಂಗ್ಲಿಷಿನಲ್ಲಿ ಈ ಪದ ಬಳಸುವವರಿಗೆ ಒಂದು ನೆವ ಇದ್ದರೂ ಇದ್ದೀತು. ಕನ್ನಡದಲ್ಲಿ ಬರೆಯುವ ನಮಗಿಲ್ಲ.

ಇಷ್ಟಾಗಿ ನನ್ನ ತಕರಾರು ಒಂದು ಪದದ ಮೇಲಷ್ಟೇ ಅಲ್ಲ. ಆ ಹದಿನಾಲ್ಕನೆಯ ಸಾಲಿನ ಪ್ರತಿ ಪದವೂ ಸುಳ್ಳು. ಅದು ನನಗೆ ತಿಳಿದದ್ದು ಅದೇ ಅಕ್ಟೋಬರಿನಲ್ಲಿ, ಅದೇ ಕಂಪನಿಯ ಗುಂಪಿನ ಜೊತೆ ನಾನೇ ಹೋದಾಗ. ಅನುವಾದಕರಿಗೆಂದು ಅವರು ಕೊಟ್ಟ ರಿಯಾಯಿತಿಯಲ್ಲೇ ಹೋದದ್ದು. ಅದನ್ನೂ ಹೇಳಿಬಿಡುತ್ತೇನೆ.

ಮರಾಕೇಶದಿಂದ ಅಸ್ನಿ, ಅಸ್ನಿಯಿಂದ ಇಮ್ಲಿಲ್. ಇಮ್ಲಿಲ್ ಸುಮಾರು 1,740 ಮೀಟರ್ ಎತ್ತರದ ಊರು. ತೂಬ್ಕಾಲ್ ಹತ್ತುವವರೆಲ್ಲ ಹೊರಡುವುದು ಇಲ್ಲಿಂದಲೇ. ಅಕ್ಟೋಬರಿನಲ್ಲಿ ಅಲ್ಲಿ ಅಕ್ರೋಟಿನ ಸುಗ್ಗಿ. ಉದ್ದ ಕೋಲು ಹಿಡಿದು ಮರ ಬಡಿಯುತ್ತಾರೆ. ಹಸಿ ಸಿಪ್ಪೆಯ ಕಲೆಯಿಂದ ಊರವರ ಅಂಗೈಯೆಲ್ಲ ಕಪ್ಪು. ನಮ್ಮ ಗುಂಪಿನಲ್ಲಿ ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿನವರು ಸೇರಿ ಹನ್ನೊಂದು ಜನ. ಕನ್ನಡದವರು ನಾಲ್ವರು. ಗೈಡ್ ಅದೇ ಕಣಿವೆಯವರು, ನಲವತ್ತರ ಆಸುಪಾಸು, ಐದು ಭಾಷೆ ಬರುತ್ತದೆ. ಹಿಂದಿಯಲ್ಲೂ ‘ಧೀರೇ ಧೀರೇ’ ಅನ್ನಲು ಕಲಿತಿದ್ದರು.

ಮೊದಲ ರಾತ್ರಿ ಚಹಾ ಬಂತು. ಗ್ಲಾಸನ್ನು ಎತ್ತರದಿಂದ ತುಂಬುತ್ತಾ ಅವರು ಹೇಳಿದ ಮೊದಲ ಮಾತು, ‘ಬರ್ಬರ್ ವಿಸ್ಕಿ!’ ಎಲ್ಲರೂ ನಕ್ಕರು. ಮರುದಿನ ಹೇಸರಗತ್ತೆ ಕಂಡಾಗ, ‘ಬರ್ಬರ್ ಫೋರ್ ವ್ಹೀಲ್ ಡ್ರೈವ್!’ ಮತ್ತೆ ನಗು. ಆ ಬೆಟ್ಟಗಳಿಗೆ ಹೋಗಿ ಬಂದವರು ಯಾರನ್ನೇ ಕೇಳಿ, ಈ ಎರಡು ಜೋಕು ಕೇಳಿಯೇ ಇರುತ್ತಾರೆ. ನಿಮ್ಮಲ್ಲಿ ಕೆಲವರು ಈಗಾಗಲೇ ಅಂದುಕೊಂಡಿರುತ್ತೀರಿ: ಅವರೇ ತಮ್ಮನ್ನು ಹಾಗೆ ಕರೆದುಕೊಳ್ಳುವಾಗ ಈಕೆಯದ್ದೇನು ರಗಳೆ?

ನಾನೂ ಹಾಗೇ ಅಂದುಕೊಂಡೆ. ಮೂರನೆಯ ದಿನ ತಿಜಿ ಮ್ಜಿಕ್ ಕಣಿವೆದಾರಿ (2,489 ಮೀಟರ್) ದಾಟಿ ಅಜ್ಜಾದೆನ್ ಕಣಿವೆಗೆ ಇಳಿಯುವಾಗ ಅವರನ್ನು ನೇರವಾಗಿ ಕೇಳಿದೆ, ನಿಮ್ಮನ್ನು ಏನೆಂದು ಕರೆಯಬೇಕು? ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ ಹೇಳಿದ್ದರ ಸಾರ ಇದು. ಮನೆಯಲ್ಲಿ ನಾವು ಶೆಲ್ಹಿಗಳು, ಮಾತು ತಶೆಲ್ಹಿತ್. ಶಾಲೆಯಲ್ಲಿ, ಟೀವಿಯಲ್ಲಿ, ನನ್ನ ಮಗಳ ಪುಸ್ತಕದಲ್ಲಿ ನಾವು ಅಮಾಜಿಘ್. ಬರ್ಬರ್ ಅನ್ನುವುದು ನಿಮಗೋಸ್ಕರ. ಬೇರೆ ಹೆಸರು ಹೇಳಿದರೆ ವಿವರಿಸಬೇಕಾಗುತ್ತದೆ, ಚಹಾ ಆರಿಹೋಗುತ್ತದೆ.

ಒಬ್ಬ ಮನುಷ್ಯನಿಗೆ ಮೂರು ಹೆಸರು, ಮೂರು ತರಹದ ಕೇಳುಗರಿಗೆ. ಅದರಲ್ಲಿ ಅಂಗಡಿ ಮುಂಗಟ್ಟಿನ ಹೆಸರನ್ನು ಹಿಡಿದುಕೊಂಡು ‘ಅವರೇ ಹಾಗಂದರು’ ಅನ್ನುವುದು ವಾದವಲ್ಲ. ದೆಹಲಿಯ ಕರೋಲ್ ಬಾಗಿನಲ್ಲಿ ಉಡುಪಿಯವರೊಬ್ಬರು ‘ಮದ್ರಾಸಿ ಹೋಟೆಲ್’ ಎಂದು ಬೋರ್ಡು ಹಾಕಿಕೊಂಡರೆ ಅವರು ಮದ್ರಾಸಿಗಳಾಗುತ್ತಾರೆಯೇ? ಗಿರಾಕಿಯ ಅಜ್ಞಾನಕ್ಕೆ ವ್ಯಾಪಾರಿ ಕಟ್ಟುವ ತೆರಿಗೆ ಅದು. ಪುಣೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಪಕ್ಕದ ಮನೆಯವರಿಗೆ ಇಂದಿಗೂ ನಾನು ‘ಕಾನಡಿ’. ಹೈದರಾಬಾದಿನ ಗೆಳತಿಗೆ ಆಫೀಸಿನವರು ‘ಕನ್ನಡ್ ಬೋಲೋ ನಾ’ ಅನ್ನುತ್ತಾರೆ. ಕೊನೆಯ ಒಂದು ಸ್ವರ ನುಂಗಿದ್ದಕ್ಕೆ ನಾವು ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಕುದಿಯುತ್ತೇವೆ ಎಂದು ನಿಮಗೆ ಗೊತ್ತೇ ಇದೆ.

ಹೆಸರಿನ ಮಾತು ಪೂರ್ತಿ ಸರಳವೇನಲ್ಲ ಎಂದು ಒಪ್ಪುತ್ತೇನೆ. ‘ಶೆಲ್ಹಿ’ ಕೂಡ ಮೂಲತಃ ಹೊರಗಿನವರು ಕೊಟ್ಟ ಹೆಸರೇ. ಅದರ ಫ್ರೆಂಚ್ ರೂಪ ‘ಶ್ಲೂ’ ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನರಿಗೆ ಬೈಗುಳವಾಯಿತು. ಆದರೂ ಬೆಟ್ಟದವರು ಅದನ್ನು ನಾಚಿಕೆಯಿಲ್ಲದೆ ತಮ್ಮದೆನ್ನುತ್ತಾರೆ. ‘ಅಮಾಜಿಘ್’ ಅಂದರೆ ‘ಸ್ವತಂತ್ರ ಮನುಷ್ಯ’ ಎಂದು ಪ್ರವಾಸಿ ಪುಸ್ತಕಗಳು ಬರೆಯುತ್ತವೆ. ಕೇಳಲು ಚೆಂದ, ಆದರೆ ನಿರುಕ್ತ ಖಚಿತವಲ್ಲ. ನಾನು ಹೇಳುತ್ತಿರುವುದು ಶುದ್ಧ ಪದ ಹುಡುಕಿ ಎಂದಲ್ಲ. ಒಂದು ಜನ ತಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ, ತಮ್ಮ ದೇಶದ ಸಂವಿಧಾನದಲ್ಲಿ ಯಾವ ಹೆಸರನ್ನು ಜಗಳವಾಡಿ ಬರೆಸಿಕೊಂಡಿದ್ದಾರೋ ಆ ಹೆಸರಿನಿಂದ ಕರೆಯಿರಿ ಎಂದು. ಒಬ್ಬನಿದ್ದರೆ ಅಮಾಜಿಘ್, ಹಲವರಾದರೆ ಇಮಾಜಿಘನ್, ಭಾಷೆ ತಮಾಜಿಘ್ತ್. ಮುಂದೊಂದು ‘ತ’, ಹಿಂದೊಂದು ‘ತ್’ ಹಚ್ಚಿದರೆ ಸ್ತ್ರೀಲಿಂಗವಾಗುತ್ತದೆ. ಭಾಷೆ ಅವರಿಗೂ ಹೆಣ್ಣೇ. ನಾಲಿಗೆಗೆ ಸ್ವಲ್ಪ ಕಷ್ಟ. ‘ಕ್ರೋಯಸಾಂ’ ಕಲಿತವರಿಗೆ ಇದು ದೊಡ್ಡದಲ್ಲ.

ಜಗಳವಾಡಿ ಎಂದೆ. ಆ ಜಗಳವನ್ನು ನಮ್ಮ ಪ್ರವಾಸ ಕಥನಗಳಲ್ಲಿ ಒಮ್ಮೆಯೂ ಓದಿಲ್ಲ. 1930ರ ಮೇ 16ರಂದು ಫ್ರೆಂಚ್ ಆಡಳಿತ ಒಂದು ಫರ್ಮಾನು ಹೊರಡಿಸಿ, ಬೆಟ್ಟದ ಈ ಬುಡಕಟ್ಟುಗಳನ್ನು ಇಸ್ಲಾಮೀ ನ್ಯಾಯದಿಂದ ಹೊರಗಿಟ್ಟು ಅವರ ರೂಢಿ ಕಾನೂನಿಗೆ ಬೇರೆ ನ್ಯಾಯಾಲಯ ಮಾಡಿತು. ಒಡೆದು ಆಳುವ ಹಂಚಿಕೆ ಎಂದು ದೇಶವೆಲ್ಲ ಎದ್ದಿತು. ಸ್ವಾತಂತ್ರ್ಯ ಬಂದ ಮೇಲೂ ಆ ಅನುಮಾನ ಉಳಿಯಿತು. ನಮ್ಮ ಭಾಷೆ ಕಲಿಸಿ ಎಂದವನು ವಸಾಹತುಶಾಹಿಯ ಕೈಗೊಂಬೆ. 1994ರ ಮೇ ದಿನದಂದು ಎರ್ರಾಶಿದಿಯಾದಲ್ಲಿ ಮೆರವಣಿಗೆ ಹೊರಟ ಗುಲ್ಮಿಮಾದ ಕಾರ್ಯಕರ್ತರನ್ನು ಬಂಧಿಸಿದರು, ಕೆಲವರಿಗೆ ಜೈಲು ಶಿಕ್ಷೆಯೂ ಆಯಿತು. ಅವರು ಹಿಡಿದಿದ್ದ ಬ್ಯಾನರುಗಳಲ್ಲಿ ತಿಫಿನಾಘ್ ಲಿಪಿ ಇತ್ತು, ಬೇಡಿಕೆ ಶಾಲೆಯಲ್ಲಿ ತಮ್ಮ ಭಾಷೆ ಕಲಿಸಿ ಎಂಬುದಾಗಿತ್ತು. ಮಗುವಿಗೆ ಅಮಾಜಿಘ್ ಹೆಸರಿಡಲು ಹೋದರೆ ನೋಂದಣಿ ಕಚೇರಿಯಲ್ಲಿ ‘ಇದು ಮೊರಾಕೋದ ಹೆಸರಲ್ಲ’ ಎಂದು ವಾಪಸು ಕಳಿಸುವುದಿತ್ತು. ಆ ಹೆಸರುಗಳೂ ಈ ದೇಶದವೇ ಎಂದು ಸರ್ಕಾರ ಸುತ್ತೋಲೆ ಹೊರಡಿಸಿದ್ದು 2010ರಲ್ಲಿ. ಎರಡು ಸಾವಿರ ವರ್ಷದಿಂದ ಅಲ್ಲೇ ಇರುವವರ ಹೆಸರು!

2001ರಲ್ಲಿ ಅಮಾಜಿಘ್ ಸಂಸ್ಕೃತಿಗೆ ರಾಜಸಂಸ್ಥೆಯೊಂದು ಬಂತು. 2003ರಲ್ಲಿ ಅರಬ್ಬಿ ಲಿಪಿಯೋ ಲ್ಯಾಟಿನ್ನೋ ಎಂಬ ಹೊಡೆದಾಟದ ನಡುವೆ ತಿಫಿನಾಘ್ ಗೆದ್ದಿತು. ಅದೇ ವರ್ಷ ಮುನ್ನೂರು ಚಿಲ್ಲರೆ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಶುರುವಾಯಿತು. 2011ರ ಸಂವಿಧಾನದ ಐದನೆಯ ವಿಧಿ ತಮಾಜಿಘ್ತನ್ನು ಅಧಿಕೃತ ಭಾಷೆ ಎಂದಿತು. ಅದನ್ನು ಜಾರಿಗೆ ತರುವ ಕಾನೂನು ಬರಲು 2019 ಆಗಬೇಕಾಯಿತು. ಅವರ ಹೊಸ ವರ್ಷ ಯೆನ್ನಾಯೆರ್‌ಗೆ ಸರ್ಕಾರಿ ರಜೆ ಸಿಕ್ಕಿದ್ದು ಮೊದಲ ಬಾರಿಗೆ 2024ರ ಜನವರಿ 14ರಂದು, ಅಂದರೆ ನಾನು ‘ಕಾಲವೇ ನಿಂತುಹೋದ’ ಎಂದು ಬರೆಯುವ ಕೆಲವೇ ತಿಂಗಳ ಹಿಂದೆ. ಇಷ್ಟೆಲ್ಲ ಆದರೂ ಎಲ್ಲ ಶಾಲೆಗಳಿಗೆ ಭಾಷೆ ಇನ್ನೂ ಮುಟ್ಟಿಲ್ಲ. ಮಾತಾಡುವವರು ಕಡಿಮೆಯಾಗುತ್ತಿದ್ದಾರೆ. 2004ರ ಜನಗಣತಿಯಲ್ಲಿ ಸುಮಾರು ಶೇಕಡ 28, 2024ರದ್ದರಲ್ಲಿ ಶೇಕಡ 25ಕ್ಕೂ ತುಸು ಕಡಿಮೆ.

ಕಾಲ ನಿಂತಿಲ್ಲ, ಕೈ ಮೀರಿ ಓಡುತ್ತಿದೆ. ಅದು ಅಲ್ಲಿನವರ ಭಯ.

ಗುಂಪಿನಲ್ಲಿ ಇನ್ನೊಂದು ಪ್ರಶ್ನೆ ಬಂತು, ಇದು ಭಾರತೀಯರು ಮಾತ್ರ ಕೇಳುವ ಪ್ರಶ್ನೆ. ‘ಲಿಪಿ ಇದೆಯಾ?’ ಕೇಳಿದ್ದು ನಮ್ಮವರೇ, ಕನ್ನಡದವರು, ಐವತ್ತು ದಾಟಿದ ಎಂಜಿನಿಯರ್ ಸಾರು. ಲಿಪಿ ಇದ್ದರೆ ಭಾಷೆ, ಇಲ್ಲದಿದ್ದರೆ ‘ಬರೀ ಆಡುಮಾತು’ ಎಂಬ ಈ ಅಳತೆಗೋಲನ್ನು ನಾವು ಎಲ್ಲಿಂದ ಎತ್ತಿಕೊಂಡೆವೋ ಗೊತ್ತಿಲ್ಲ. ತುಳುವಿನವರನ್ನು, ಕೊಡವರನ್ನು, ಬ್ಯಾರಿಗಳನ್ನು ನಾವು ಇದೇ ಕೋಲಿನಿಂದ ಅಳೆದು ಕೂರಿಸಿದ್ದೇವೆ. ಇಂಗ್ಲಿಷಿಗೆ ಸ್ವಂತ ಲಿಪಿ ಇದೆಯಾ ಎಂದು ಇವರಲ್ಲಿ ಯಾರೂ ಕೇಳುವುದಿಲ್ಲ. ಗೈಡ್ ಉತ್ತರ ಕೊಡಲಿಲ್ಲ, ದಾರಿಬದಿಯ ಶಾಲೆಯ ಫಲಕ ತೋರಿಸಿದರು. ಅರಬ್ಬಿಯ ಜೊತೆಗೆ ವೃತ್ತ, ಶಿಲುಬೆ, ಗೆರೆಗಳ ತಿಫಿನಾಘ್ ಇತ್ತು. ಸಾರು ಫೋಟೋ ತೆಗೆದುಕೊಂಡರು. ‘ಏನು ಬರೆದಿದೆ?’ ಗೈಡ್ ನಕ್ಕರು, ‘ನನಗೆ ಓದಲು ಬರುವುದಿಲ್ಲ, ಮಗಳಿಗೆ ಬರುತ್ತದೆ.’ ಅವರು ಓದುವಾಗ ಶಾಲೆಯಲ್ಲಿ ಅರಬ್ಬಿ, ಫ್ರೆಂಚ್ ಮಾತ್ರ. ಈಗ ಮಗಳು ಮನೆಗೆ ತರುವ ಪುಸ್ತಕದಲ್ಲಿ ಅಜ್ಜಿಗೆ ಗೊತ್ತಿಲ್ಲದ ಪದಗಳಿರುತ್ತವಂತೆ, ಬೇರೆ ಬೇರೆ ಪ್ರಾಂತ್ಯಗಳ ಮಾತು ಸೇರಿಸಿ ಕಟ್ಟಿದ ಶಿಷ್ಟಭಾಷೆಯಲ್ವಾ. ಅಜ್ಜಿ ಅದನ್ನು ಕೇಳಿ ‘ಇದು ಯಾವ ಊರಿನವರ ಮಾತು?’ ಅನ್ನುತ್ತಾಳಂತೆ. ಬೀದರಿನ ಹುಡುಗ ಹಳೆ ಮೈಸೂರಿನ ಪಠ್ಯ ಓದಿದ ಕಥೆ ನನಗೆ ನೆನಪಾಯಿತು.

ಲಿಪಿಯ ಮಾತಿಗೆ ಇನ್ನೊಂದು. ‘ಬರಹವಿಲ್ಲದ’ ಎಂದು ಕರೆಸಿಕೊಳ್ಳುವ ಇದೇ ತಶೆಲ್ಹಿತ್‌ನಲ್ಲಿ ಅರಬ್ಬಿ ಅಕ್ಷರ ಬಳಸಿ ಬರೆದ ಹಸ್ತಪ್ರತಿಗಳು ನೂರಾರು ವರ್ಷದಿಂದ ಇವೆ. 1749ರಲ್ಲಿ ತೀರಿಕೊಂಡ ಮುಹಮ್ಮದ್ ಅವ್ಜಾಲ್ ಎಂಬ ಕವಿ ಧರ್ಮಶಾಸ್ತ್ರವನ್ನೇ ಪದ್ಯದಲ್ಲಿ ಬರೆದ, ಮಸೀದಿಯ ಓದಿಲ್ಲದ ಹೆಂಗಸರಿಗೂ ಗಂಡಸರಿಗೂ ಅರ್ಥವಾಗಲಿ ಎಂದು. ವಚನ, ಕೀರ್ತನೆ ಕೇಳಿ ಬೆಳೆದವರಿಗೆ ಆ ಹಂಬಲ ಪರಿಚಿತ.

ಇನ್ನು ‘ನಾಗರಿಕತೆಯ ಸೋಂಕಿಲ್ಲದ’. ಈ ಬೆಟ್ಟಗಳಲ್ಲೇ, ನ್ಫಿಸ್ ನದಿಯ ಕಣಿವೆಯಲ್ಲಿ, ತಿನ್ಮೆಲ್ ಎಂಬ ಹಳ್ಳಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಇಬ್ನ್ ತುಮರ್ತ್ ಎಂಬ ಬೆಟ್ಟದ ಮನುಷ್ಯ ಬೆಟ್ಟದ ಭಾಷೆಯಲ್ಲೇ ಬೋಧಿಸುತ್ತಾ ಅಲ್ಲಿ ಜನ ಕಟ್ಟಿದ. ಅವನ ಅನುಯಾಯಿಗಳು 1147ರಲ್ಲಿ ಮರಾಕೇಶ್ ಹಿಡಿದರು, ಆಮೇಲೆ ಉತ್ತರ ಆಫ್ರಿಕಾದ ಬಹುಭಾಗವನ್ನೂ ಸ್ಪೇನಿನ ದಕ್ಷಿಣವನ್ನೂ ಆಳಿದರು. ಅಲ್‌ಮೊಹಾದ್ ಸಾಮ್ರಾಜ್ಯ ಎಂದು ಚರಿತ್ರೆ ಪುಸ್ತಕದಲ್ಲಿ ಓದಿರುತ್ತೀರಿ. ಸೆವಿಲ್ಲೆ ನಗರದ ಹೆಸರಾಂತ ಗೋಪುರದ ಕೆಳಭಾಗ ಅವರು ಕಟ್ಟಿದ ಮಿನಾರು. ಇಂಥ ಕಣಿವೆಗೆ ಬಂದು ಬೆಂಗಳೂರಿನ ಟ್ರೆಕ್ಕರ್ ಒಬ್ಬ ‘ಇವರು ಹೊರಜಗತ್ತನ್ನೇ ನೋಡಿಲ್ಲ’ ಎಂದು ರೀಲ್ ಮಾಡುತ್ತಾನೆ. ಅವನ ಸಾಮಾನು ಹೊರುವ ಹೇಸರಗತ್ತೆಯ ಯಜಮಾನನ ಒಬ್ಬ ತಮ್ಮ ಫ್ರಾನ್ಸಿನಲ್ಲಿ, ಇನ್ನೊಬ್ಬ ಕಾಸಾಬ್ಲಾಂಕಾದಲ್ಲಿ.

‘ಯಾರೂ ಮುಟ್ಟದ ಪ್ರಕೃತಿ’ ಎಂಬುದೂ ಅಷ್ಟೇ. ಆ ಒಣ ಬೆಟ್ಟದ ಮಧ್ಯೆ ಹಸಿರು ಕಾಣುವ ಪ್ರತಿ ಚೂರೂ ಯಾರೋ ಕೈಯಾರೆ ಮಾಡಿದ್ದು. ಬೆಟ್ಟ ಕಡಿದು ಮೆಟ್ಟಿಲು ಗದ್ದೆ, ಅದಕ್ಕೆ ‘ತಾರ್ಗಾ’ ಎಂಬ ಸಣ್ಣ ಕಾಲುವೆ, ಆ ಕಾಲುವೆಯ ನೀರು ಯಾರಿಗೆ ಯಾವ ಹೊತ್ತು ಎಂಬ ಸರದಿ. ಊಕೈಮೆದೆನ್‌ನಲ್ಲಿ ಸುಮಾರು 2,600 ಮೀಟರ್ ಎತ್ತರದಲ್ಲಿ ಒಂದು ಹುಲ್ಲುಗಾವಲಿದೆ. ನಾವು ಅದನ್ನು ಫೋಟೋದಲ್ಲಿ ‘ಸ್ವರ್ಗ’ ಅನ್ನುತ್ತೇವೆ. ಅವರು ಅದನ್ನು ‘ಅಗ್ದಾಲ್’ ಅನ್ನುತ್ತಾರೆ. ಗೋಮಾಳ ಎಂದು ಅನುವಾದಿಸಬಹುದು, ಆದರೆ ನಮ್ಮ ಗೋಮಾಳಗಳಿಗೆ ಬಂದ ಗತಿ ಅದಕ್ಕೆ ಬಂದಿಲ್ಲ. ಮಾರ್ಚ್ ನಡುವಿನಿಂದ ಆಗಸ್ಟ್ 10ರವರೆಗೆ ಅಲ್ಲಿ ಯಾರ ಕುರಿಯೂ ಕಾಲಿಡುವಂತಿಲ್ಲ. ಹುಲ್ಲು ಬೆಳೆದು ಬೀಜ ಉದುರಬೇಕು. ನಿಗದಿಯಾದ ದಿನ ಹಕ್ಕುಳ್ಳ ಊರುಗಳ ದನಕುರಿ ಒಟ್ಟಿಗೆ ಮೇಲೇರುತ್ತವೆ. ‘ಮುಟ್ಟದ’ ಎಂದರೆ ಆ ಕಟ್ಟಳೆಯನ್ನು ಪಾಲಿಸಿಕೊಂಡು ಬಂದವರನ್ನು ಚಿತ್ರದಿಂದ ಅಳಿಸಿದಂತೆ.

ಅಳಿಸುವುದು ಹೊಸದಲ್ಲ ಬಿಡಿ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ, ಈ ಬೆಟ್ಟವನ್ನು ಗ್ರೀಕರು ಅಟ್ಲಾಸ್ ಎಂದೂ ಅಲ್ಲಿನ ಬರ್ಬರರು ‘ದಿರಿಸ್’ ಎಂದೂ ಕರೆಯುತ್ತಾರೆಂದು ಬರೆದಿಟ್ಟ. ಈಗಲೂ ಅಲ್ಲಿನವರ ಹೆಸರು ‘ಅದ್ರಾರ್ ನ್ ದೆರ್ನ್’. ಅದ್ರಾರ್ ಎಂದರೆ ಬೆಟ್ಟ. ಗ್ರೀಕನ ಕಿವಿಗೆ ಬಿದ್ದ ಪದದ ಜಾಡು ಇನ್ನೂ ಉಳಿದಿದೆ, ನಕ್ಷೆಯಲ್ಲಿ ಮಾತ್ರ ಅಟ್ಲಾಸ್. ಇಮ್ಲಿಲ್‌ನ ತಲೆಯ ಮೇಲಿರುವ ಕೋಟೆಮನೆಯನ್ನು ಮಾರ್ಟಿನ್ ಸ್ಕಾರ್ಸೆಸಿ ದಲೈ ಲಾಮಾ ಕುರಿತ ‘ಕುಂದುನ್’ (1997) ಸಿನಿಮಾದಲ್ಲಿ ಟಿಬೆಟ್ ಎಂದು ತೋರಿಸಿದ. ನಮ್ಮ ಗುಂಪಿನಲ್ಲಿ ಆರು ದಿನವೂ ಕೇಳಿದ ಮಾತು, ‘ಅರೆ, ಥೇಟ್ ಲಡಾಖ್!’ ಆ ಜಾಗಕ್ಕೆ ತಾನು ತಾನಾಗಿರುವ ಅವಕಾಶವೇ ಇಲ್ಲ.

ಈಗ ಹೇಳಲು ಸಂಕೋಚವಾಗುವ ಮಾತು. ನಾಲ್ಕನೆಯ ದಿನ ಊಟದ ಹೊತ್ತಿಗೆ ಗುಂಪಿನ ಒಬ್ಬರು ಹಿಂದಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು, ‘ಇವರು ಆ ಥರದ ಮುಸ್ಲಿಮರಲ್ಲ, ಬರ್ಬರ್‌ಗಳು, ನೋಡಿ ಎಷ್ಟು ಒಳ್ಳೆಯವರು.’ ತಲೆಯಾಡಿಸಿದವರು ಇಬ್ಬರು ಮೂವರು. ಹತ್ತು ಹೆಜ್ಜೆ ದೂರದಲ್ಲಿ ನಮ್ಮ ಗೈಡ್ ಜಾಕೆಟ್ ಹಾಸಿ ನಮಾಜು ಮಾಡುತ್ತಿದ್ದರು. ಮನೆಯಿಂದ ಏಳೆಂಟು ಸಾವಿರ ಕಿಲೋಮೀಟರ್ ದೂರ ಬಂದು, ನಮ್ಮೂರಿನ ದ್ವೇಷಕ್ಕೆ ಅಲ್ಲಿಯೂ ಒಂದು ಗೂಟ ಹುಡುಕುವ ಚಾತುರ್ಯ ನಮ್ಮದು. ಇದೂ ಹೊಸದಲ್ಲ. ಬೆಟ್ಟದವನು ಒಳ್ಳೆಯವನು, ಬಯಲಿನ ಅರಬ ಕೆಟ್ಟವನು ಎಂಬ ಕಟ್ಟುಕಥೆಯನ್ನು ಫ್ರೆಂಚ್ ಅಧಿಕಾರಿಗಳು ಬೆಳೆಸಿದರು. 1930ರ ಫರ್ಮಾನು ಅದೇ ಬೇರಿನದ್ದು. ಅದರಿಂದ ಪೆಟ್ಟು ತಿಂದದ್ದು ಇದೇ ಜನ, ಇದೇ ಭಾಷೆ. ‘ಮುಗ್ಧ ಜನ’ ಎಂದು ನಾನು ಬರೆದ ಪದಕ್ಕೂ ಆ ಕಟ್ಟುಕಥೆಗೂ ನೆಂಟಸ್ತಿಕೆ ಇದೆ ಎಂದು ನನಗೆ ಹೊಳೆದದ್ದು ಆ ಊಟದ ಹೊತ್ತಿನಲ್ಲಿ. ನಾನು ಆಗ ಏನಾದರೂ ಹೇಳಿದೆನೇ? ಇಲ್ಲ. ಇನ್ನೆರಡು ದಿನ ಒಟ್ಟಿಗೆ ಇರಬೇಕಲ್ಲ ಎಂದು ಸುಮ್ಮನೆ ರೊಟ್ಟಿ ಮುರಿದೆ.

ಇಷ್ಟು ಹೊತ್ತು ಭೂಕಂಪದ ಮಾತನ್ನು ಎತ್ತದೆ ಬಂದಿದ್ದೇನೆ. ಬ್ರೋಷರಿನಲ್ಲೂ ಇರಲಿಲ್ಲ. 2023ರ ಸೆಪ್ಟೆಂಬರ್ 8ರ ರಾತ್ರಿ ಹನ್ನೊಂದು ದಾಟಿದ ಮೇಲೆ, 6.8 ತೀವ್ರತೆಯ ಭೂಕಂಪ. ಕೇಂದ್ರ ಇದೇ ಅಲ್ ಹೌಜ್ ಪ್ರಾಂತ್ಯ. 2,900ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60 ಸಾವಿರ ಮನೆಗಳು ಬಿದ್ದವು ಅಥವಾ ಬಿರುಕುಬಿಟ್ಟವು. ನಾನು ಮೇಲೆ ಹೇಳಿದ ತಿನ್ಮೆಲ್‌ನ ಎಂಟುನೂರು ವರ್ಷ ದಾಟಿದ ಮಸೀದಿ ಬಹುಪಾಲು ಕುಸಿಯಿತು. ದಾರಿಗಳು ಮುಚ್ಚಿದ್ದ ಮೊದಲ ದಿನಗಳಲ್ಲಿ ಮೇಲಿನ ಹಳ್ಳಿಗಳಿಗೆ ಸಾಮಾನು ಮುಟ್ಟಿಸಿದ್ದು ನಾವು ‘ಫೋರ್ ವ್ಹೀಲ್ ಡ್ರೈವ್’ ಎಂದು ನಕ್ಕ ಆ ಹೇಸರಗತ್ತೆಗಳು.

ನಾವು ಹೋದದ್ದು ಒಂದು ವರ್ಷ ಒಂದು ತಿಂಗಳ ಮೇಲೆ. ಅಸ್ನಿ ದಾರಿಯಲ್ಲಿ ಇನ್ನೂ ಡೇರೆಗಳಿದ್ದವು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಲ್ಲು ಪೇರಿಸಿದ್ದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 1,40,000 ದಿರ್ಹಾಮ್, ಅರೆಬಿದ್ದದ್ದಕ್ಕೆ 80,000 ಎಂದು ಘೋಷಿಸಿತ್ತು. ಕಂತುಗಳಲ್ಲಿ ಬರುವ ಹಣ, ಬೆಟ್ಟದ ಮೇಲೆ ಸಿಮೆಂಟು ಏರಿಸುವ ಖರ್ಚೇ ಬೇರೆ. ಆದರೂ ಊರೂರಲ್ಲಿ ಕಾಂಕ್ರೀಟ್ ಕಂಬ ಎದ್ದಿದ್ದವು, ತುದಿಯಲ್ಲಿ ಕಬ್ಬಿಣದ ಸರಳು ಆಕಾಶಕ್ಕೆ ಚಾಚಿಕೊಂಡು. ಒಂದು ಹಳ್ಳಿಯ ಕೆಳಗೆ ನಿಂತು ನಮ್ಮ ಗುಂಪಿನ ಹುಡುಗಿಯೊಬ್ಬಳು, ಒಳ್ಳೆಯ ಹುಡುಗಿ, ಮುಂಬೈಯಲ್ಲಿ ಆರ್ಕಿಟೆಕ್ಟ್, ನಿಜವಾಗಿ ನೊಂದು ಹೇಳಿದಳು: ‘ಎಂಥ ಸುಂದರ ಮಣ್ಣಿನ ಊರು, ಸಿಮೆಂಟು ಹಾಕಿ ಹಾಳು ಮಾಡುತ್ತಿದ್ದಾರಲ್ಲ!’

ಗೈಡ್ ಕೇಳಿಸಿಕೊಂಡರು. ಆ ರಾತ್ರಿ ಅವರ ಸೋದರಮಾವನ ಮನೆ ಬಿದ್ದಿತ್ತು, ಅದರಡಿ ಮಾವ ಮತ್ತು ಒಬ್ಬ ಮೊಮ್ಮಗ. ಅದನ್ನು ಅವರು ಆಕೆಗೆ ಹೇಳಲಿಲ್ಲ, ಮರುದಿನ ದಾರಿಯಲ್ಲಿ ನನಗೆ ಹೇಳಿದರು. ‘ಮಣ್ಣಿನ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ನಮಗೆ ಗೊತ್ತು. ಆದರೆ ಈಗ ಅಮ್ಮ ಮಣ್ಣಿನ ಮಾಡಿನ ಕೆಳಗೆ ಮಲಗಲು ಒಪ್ಪುವುದಿಲ್ಲ.’

ಆರ್ಕಿಟೆಕ್ಟ್ ಹುಡುಗಿಯ ಮಾತಿನಲ್ಲಿ ತಾಂತ್ರಿಕವಾಗಿ ಹುರುಳಿದೆ. ಮಣ್ಣು, ಕಲ್ಲು ತಾವಾಗಿ ಕೊಲ್ಲುವುದಿಲ್ಲ. ಮರದ ಪಟ್ಟಿ ಕೊಟ್ಟು ಬಿಗಿದು ಕಟ್ಟಿದರೆ ನಿಲ್ಲುತ್ತವೆ, ಕಳಪೆ ಕಾಂಕ್ರೀಟು ಇನ್ನೂ ಕೆಟ್ಟದಾಗಿ ಬೀಳುತ್ತದೆ. ಅದನ್ನು ಅಲ್ಲಿನ ಮೇಸ್ತ್ರಿಗಳೊಡನೆ, ಎಂಜಿನಿಯರುಗಳೊಡನೆ ಕೂತು ಮಾತಾಡಬಹುದು. ಆದರೆ ದಾರಿಯಲ್ಲಿ ನಿಂತು ‘ಹಾಳು ಮಾಡುತ್ತಿದ್ದಾರೆ’ ಅನ್ನುವಾಗ ನಾವು ಮಾತಾಡುತ್ತಿರುವುದು ಮನೆಯ ಬಗ್ಗೆ ಅಲ್ಲ, ನಮ್ಮ ಫೋಟೋದ ಬಗ್ಗೆ. ವಿಮಾನದ ಟಿಕೆಟ್ಟಿಗೆ ಕೊಟ್ಟ ದುಡ್ಡಿಗೆ ಪ್ರತಿಯಾಗಿ ಆ ಜನ ಹಳೆಯ ಮಾಡಿನ ಕೆಳಗೆ ಮಲಗಬೇಕು ಎಂದು ಕೇಳುತ್ತಿದ್ದೇವೆ. ‘ಕಾಲ ನಿಂತ ಹಳ್ಳಿ’ ಎಂಬ ಮಾತಿನ ಪೂರ್ಣಾರ್ಥ ಇದು.

ಬೆಟ್ಟಕ್ಕೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಒಂದು ಪಂಥ ಇದೆ, ಅವರು ಸಾಮಾನ್ಯವಾಗಿ ಹೋಗಿ ಬಂದವರೇ. ಆ ಕಣಿವೆಗಳಲ್ಲಿ ಗೈಡು, ಹೇಸರಗತ್ತೆ, ಅಡುಗೆ, ತಂಗುಮನೆ ಎಲ್ಲವೂ ಹೊರಗಿನಿಂದ ಬರುವ ಕಾಲುಗಳ ಮೇಲೆ ನಿಂತಿವೆ. 2018ರ ಡಿಸೆಂಬರಿನಲ್ಲಿ ಇಮ್ಲಿಲ್ ಬಳಿ ಇಬ್ಬರು ಸ್ಕಾಂಡಿನೇವಿಯನ್ ಯುವತಿಯರ ಕೊಲೆಯಾದ ಮೇಲೆ, ಆಮೇಲೆ ಕೋವಿಡ್‌ನಲ್ಲಿ, ಆಮೇಲೆ ಭೂಕಂಪದಲ್ಲಿ, ಮೂರು ಸಲ ಆ ಕಾಲುಗಳು ನಿಂತುಹೋದವು. ಹೋಗಿ. 4,167 ಮೀಟರಿನ ತುದಿಯಲ್ಲಿ ಬೆಳಕು ಹರಿಯುವುದನ್ನು ನೋಡುವುದು ದೊಡ್ಡ ಸುಖ, ನಾನು ಅತ್ತಿದ್ದೇನೆ. ಬಂದು ಬರೆಯುವಾಗ ನೀವು ಮಲಗಿದ ಊರಿನ ಹೆಸರು ಬರೆಯಿರಿ. ಅವರು ಆಡುತ್ತಿದ್ದ ಭಾಷೆಯ ಹೆಸರು ಬರೆಯಿರಿ. ಕೊಡಗಿನ ಹೋಂಸ್ಟೇಗೆ ಹೋಗಿ ಬಂದು ‘ಸ್ಥಳೀಯರ ವಿಚಿತ್ರ ಭಾಷೆ’ ಎಂದು ಬರೆದವನ ಮೇಲೆ ನಿಮಗೆ ಬರುವ ಸಿಟ್ಟು ನಿಮ್ಮ ಮೇಲೆ ಬರದಂತೆ ಬರೆಯಿರಿ.

ಪುಣೆಗೆ ಮರಳಿದ ವಾರ ಟ್ರೆಕಿಂಗ್ ಕಂಪನಿಗೆ ಮೇಲ್ ಕಳಿಸಿದೆ. ನನ್ನ ಅನುವಾದದಲ್ಲಿ ತಪ್ಪಿದೆ, ಹದಿನಾಲ್ಕನೆಯ ಸಾಲು ತಿದ್ದಿಕೊಡುತ್ತೇನೆ, ಹಣ ಬೇಡ ಎಂದೆ. ಹೊಸ ಸಾಲನ್ನೂ ಜೊತೆಗಿಟ್ಟೆ: ‘ಇಮ್ಲಿಲ್, ಅರೂಮ್ದ್, ತಿಜಿ ಊಸೆಮ್ ಊರುಗಳ ಅಮಾಜಿಘ್ ಕುಟುಂಬಗಳ ಮನೆಗಳಲ್ಲಿ ಉಳಿಯುತ್ತೇವೆ. 2023ರ ಭೂಕಂಪದ ನಂತರ ಕೆಲವೆಡೆ ಕಟ್ಟಡ ಕೆಲಸ ನಡೆಯುತ್ತಿದೆ.’ ಮೂರು ದಿನದ ಮೇಲೆ ಫೋನ್ ಬಂತು. ಕನ್ನಡದ ಹುಡುಗನೇ, ವಿನಯವಂತ. ‘ಮೇಡಂ, ಭೂಕಂಪ ಅಂತ ಹಾಕಿದ್ರೆ ಬುಕಿಂಗ್ ಬರಲ್ಲ. ಆಮೇಲೆ ಈ ಅಮಾಜಿಘ್ ಅಂದ್ರೆ ಜನ ಅಮೆಜಾನ್ ಅಂದ್ಕೋತಾರೆ. ಗೂಗಲ್‌ನಲ್ಲಿ ಎಲ್ರೂ ಹುಡುಕೋದು ಬರ್ಬರ್ ಅಂತಾನೇ.’ ಕನ್ನಡದಲ್ಲಿ ಆ ಪದಕ್ಕೆ ಏನು ಅರ್ಥ ಎಂದು ಕೇಳಿದೆ. ಅವನು ನಕ್ಕ. ‘ಗೊತ್ತು ಮೇಡಂ, ಆದ್ರೆ ಯಾರು ನೋಡ್ತಾರೆ?’

ಸಾಲು ಹಾಗೇ ಇದೆ. ಮುಂದಿನ ಸೀಸನ್ನಿನ ಕೆಲಸ ನನಗೆ ಬರಲಿಲ್ಲ, ಹೊಸ ಬ್ರೋಷರನ್ನು ಬೇರೆ ಯಾರಿಗೋ ಕೊಟ್ಟಿದ್ದಾರೆ. ಈ ಪತ್ರ ಓದುವವರಲ್ಲಿ ಅನುವಾದ ಮಾಡುವವರು ಹಲವರಿದ್ದೀರಿ ಎಂದು ಗೊತ್ತು. ಆ ಫೈಲು ನಿಮ್ಮ ಬಳಿಗೇ ಬಂದಿದ್ದರೆ, ಎರಡನೆಯ ಪುಟ, ಹದಿನಾಲ್ಕನೆಯ ಸಾಲು.